ಅಹವಾಲಿಗೆ ಎಡೆಯಿದ್ದ ಚಾವಡಿ

ದೋಣಿಮಲೈಯಲ್ಲಿ ಬಾಳುವ ನಮಗೆ ಪುರಭವನವೆಂಬುದು ತುಸು ದೂರದ ಮಾತು. 1977ರಲ್ಲಿ ಕಬ್ಬಿಣದ ಅದಿರಿನ ಗಣಿ ಆರಂಭವಾದ ಬಳಿಕ ಬೆಳೆದ ಊರಿದು. ನಮ್ಮಲ್ಲಿ ಬಹುಪಾಲು ಮಂದಿ ನೌಕರಿಯ ನಿಮಿತ್ತ ಬಂದು ಕ್ವಾರ್ಟರ್ಸುಗಳಲ್ಲಿ ನೆಲೆಸಿದವರು. ನಲ್ಲಿ, ದೀಪಗಳ ದೂರನ್ನು ಗಣಿ ಸಂಸ್ಥೆಯ ಕಚೇರಿಯಲ್ಲೇ ಹೇಳಿಕೊಳ್ಳುತ್ತೇವೆ. ಆದರೆ ಆದಾಯ ಪ್ರಮಾಣಪತ್ರ, ಪಹಣಿ, ವಿಧವಾ ವೇತನ ಬೇಕಾದಾಗ ಸಂಡೂರಿನ ತಾಲ್ಲೂಕು ಕಚೇರಿಯ ಮೆಟ್ಟಿಲನ್ನೇ ಹತ್ತಬೇಕು. ಆ ಮೆಟ್ಟಿಲನ್ನು ಅಳುಕುತ್ತ ಹತ್ತಬೇಕೋ, ಹಕ್ಕಿನಿಂದ ಹತ್ತಬೇಕೋ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಹಂಪಿಯ ತನಕ ಒಮ್ಮೆ ಹೋಗಿಬರೋಣ.

ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯವನ್ನೂ ಕಲ್ಲಿನ ರಥವನ್ನೂ ನೋಡಿ ಹಿಂತಿರುಗುವುದೇ ಹೆಚ್ಚು. ಅರಮನೆಯ ಆವರಣದಲ್ಲಿ, ಮಹಾನವಮಿ ದಿಬ್ಬದಿಂದ ಅನತಿ ದೂರದಲ್ಲಿ, ಅರಸರ ಸಭಾಮಂಟಪವೆಂದು ಕರೆಯಲಾಗುವ ವಿಶಾಲವಾದ ಕಲ್ಲಿನ ಜಗಲಿಯೊಂದಿದೆ. ಅದರ ಮೇಲೆ ಹತ್ತು ಸಾಲುಗಳಲ್ಲಿ ನೂರು ಕಂಬಗಳ ನೆಲೆಗಳು ಮಾತ್ರ ಉಳಿದಿವೆ. ಕಂಬಗಳು ಮರದವು. 1565ರ ಯುದ್ಧಾನಂತರ ನಗರವು ಹಾಳಾದಾಗ ಕಲ್ಲು ಉಳಿಯಿತು, ಮರ ಅಳಿಯಿತು. ವಿಜಯನಗರದ ಗುಡಿಗಳು ಇಂದಿಗೂ ನಿಂತಿದ್ದು, ಆಡಳಿತದ ಕಟ್ಟಡಗಳು ಬಹುಮಟ್ಟಿಗೆ ಅಡಿಪಾಯಗಳಾಗಿಯೇ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಅಂಥ ಕಟ್ಟಡವೊಂದರ ಒಳಗೆ ಏನು ನಡೆಯುತ್ತಿತ್ತೆಂಬುದನ್ನು ಕಣ್ಣಾರೆ ಕಂಡು ಬರೆದವನು ಅಬ್ದುರ್ ರಜಾಕ್. ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಆತನು 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ, ಇಲ್ಲಿಗೆ ಬಂದಿದ್ದನು. ಅರಮನೆಯ ಬಲಗಡೆಗೆ ನಲವತ್ತು ಕಂಬಗಳ ಮಂಟಪದಂತೆ ತೋರುವ ಬಹು ದೊಡ್ಡ ಕಾರ್ಯಸೌಧ. ಅದರ ಮುಂದೆ ಆಳೆತ್ತರಕ್ಕೂ ಮಿಗಿಲಾದ ಉದ್ದನೆಯ ಪಡಸಾಲೆ. ಅಲ್ಲಿ ದಫ್ತರಗಳು, ಅಲ್ಲೇ ಕುಳಿತು ಬರೆಯುವ ಕರಣಿಕರು. ಮಂಟಪದ ನಡುವೆ ಎತ್ತರದ ಪೀಠದಲ್ಲಿ ದಣ್ಣಾಯಕನೊಬ್ಬನೇ ಆಸೀನನಾಗಿರುತ್ತಿದ್ದನು. ಅಹವಾಲುಳ್ಳವರು ಬೆತ್ತಧಾರಿಗಳ ಸಾಲುಗಳ ನಡುವೆ ನಡೆದುಬಂದು, ಅಲ್ಪಕಾಣಿಕೆಯೊಂದನ್ನಿಟ್ಟು, ನೆಲಕ್ಕೆ ಮುಖ ತಾಗಿಸಿ ನಮಸ್ಕರಿಸಿ, ಎದ್ದು ನಿಂತು ತಮ್ಮ ಸಂಕಟವನ್ನು ಹೇಳಿಕೊಳ್ಳುತ್ತಿದ್ದರು. ದಣ್ಣಾಯಕನು ನಾಡಿನ ನ್ಯಾಯಕ್ಕನುಸಾರವಾಗಿ ಆಜ್ಞೆ ನೀಡುತ್ತಿದ್ದನು.

ದಫ್ತರ, ಕರಣಿಕ, ಅಧಿಕಾರಿಯ ಪೀಠ, ಅರ್ಜಿದಾರನಿಗೊಂದು ದಾರಿ: ಇಂದಿನ ಕಚೇರಿಯ ರೂಪುರೇಖೆಯೆಲ್ಲ ಆ ಚಾವಡಿಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಗೌಡರೂ ಶಾನುಭೋಗರೂ ಕೂಡುತ್ತಿದ್ದ ಚಾವಡಿಗಳ ದೊಡ್ಡಣ್ಣನೆಂದು ಅದನ್ನು ಕರೆಯಬಹುದು.

ಆ ನಗರದಲ್ಲಿ ಪರಮತದವರಿಗೂ ಎಡೆಯಿತ್ತು. 1510ರಲ್ಲಿ ಗೋವೆಯ ಆಲ್ಬುಕರ್ಕನು ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ದೂತನನ್ನಾಗಿ ಕಳುಹಿಸಿದ್ದನು. ಅದೇ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸಾ ಬರೆದ ಮಾತು ನಮಗೆ ವಿಶೇಷವಾದುದು. ಕ್ರೈಸ್ತನಾಗಲಿ, ಯೆಹೂದ್ಯನಾಗಲಿ, ಮುಸಲ್ಮಾನನಾಗಲಿ, ಯಾರು ಬೇಕಾದರೂ ತಮ್ಮ ಧರ್ಮದಂತೆ ಬಾಳಲು ಅರಸನು ಬಿಟ್ಟಿದ್ದನು. ಎಲ್ಲರಿಗೂ ಸಮನಾದ ನ್ಯಾಯ ದೊರೆಯುತ್ತಿತ್ತು ಎಂದು ಆತನು ಹೇಳುತ್ತಾನೆ. ಸಂಖ್ಯೆಯಲ್ಲಿ ಅಲ್ಪರಾದ ನಮಗೆ ಈ ಸಾಕ್ಷ್ಯ ಮರೆಯತಕ್ಕದ್ದಲ್ಲ.

ಹಾಗೆಂದು ಹಿಂದಿನದೆಲ್ಲವೂ ಹೊನ್ನೆಂದು ನಾವು ಭಾವಿಸಬೇಕಿಲ್ಲ. ಅಂದಿನ ಬಡವನು ಕಾಣಿಕೆಯಿಡಬೇಕಿತ್ತು, ಮುಖವನ್ನು ಮಣ್ಣಿಗೆ ತಾಗಿಸಬೇಕಿತ್ತು. ಗಣರಾಜ್ಯವು ಇವೆರಡನ್ನೂ ತೆಗೆದುಹಾಕಿದೆ. 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಗೊಂಡ ವಿಧಾನಸೌಧವನ್ನು ನೆನೆಯಿರಿ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಗ್ರಾನೈಟ್ ಕಲ್ಲಿನಲ್ಲಿ ದ್ರಾವಿಡ ಶೈಲಿಯ ಕಂಬ, ಗೋಪುರಗಳನ್ನು ಬಯಸಿದರು. ಎದುರಿಗೆ 1868ರಲ್ಲಿ ಮುಗಿದ, ಪಾಶ್ಚಾತ್ಯ ಶೈಲಿಯ ಕೆಂಪು ಅಠಾರಾ ಕಚೇರಿ ನಿಂತಿದೆ. ಪರರ ಆಡಳಿತಕ್ಕೂ ಪ್ರಜೆಗಳ ಆಡಳಿತಕ್ಕೂ ಇರುವ ಅಂತರವು ಆ ರಸ್ತೆಯ ಎರಡು ಬದಿಗಳಲ್ಲಿ ಕಾಣುತ್ತದೆ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ದೇವರ ಕೆಲಸಕ್ಕೆ ಲಂಚ ಕೇಳುವುದು ಪಾಪವಾದರೆ, ಕೊಟ್ಟು ಕಾರ್ಯ ಸಾಧಿಸಿಕೊಳ್ಳುವ ನಾವೂ ಆ ಪಾಪದಲ್ಲಿ ಪಾಲುದಾರರಲ್ಲವೇ?

ಕಟ್ಟಡಗಳ ಕಥೆ ನಮ್ಮ ನೆರೆಯಲ್ಲೇ ಮುಂದುವರಿದಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. ಹೊಸಪೇಟೆಯಲ್ಲಿ ಜಿಲ್ಲಾಡಳಿತಕ್ಕೆ ನೆಲೆಯಾದುದು ಹಿಂದಿನ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯ ಆವರಣ. ಅಣೆಕಟ್ಟುಗಳಿಗೆ ಗೇಟುಗಳನ್ನು ಮಾಡುತ್ತಿದ್ದ ಜಾಗವಿಂದು ಜನರ ಅಹವಾಲಿಗೆ ಬಾಗಿಲು ತೆರೆಯಬೇಕಾಗಿದೆ. ಗೋಡೆ ಯಾವುದಾದರೇನು? ಒಳಗೆ ಕುಳಿತವರು ಕಿವಿಗೊಡಬೇಕು, ಹೊರಗೆ ನಿಂತವರು ಧೈರ್ಯವಾಗಿ ಒಳಹೋಗಬೇಕು.

ಪವಿತ್ರ ಗ್ರಂಥವೂ ಇದನ್ನೇ ಬೋಧಿಸುತ್ತದೆ. ಬೋವಜನು ರೂತಳ ಪರವಾಗಿ ಹತ್ತು ಮಂದಿ ಹಿರಿಯರನ್ನು ಕೂಡಿಸಿದ್ದು ಊರ ಬಾಗಿಲಲ್ಲಿ. ಆ ಕಾಲದ ಚಾವಡಿ ಅದು. ಅದೇ ಬಾಗಿಲಲ್ಲಿ ನ್ಯಾಯ ನೆಲೆಗೊಳ್ಳಲೆಂದು ಪ್ರವಾದಿ ಆಮೋಸನು ಗರ್ಜಿಸಿದನು. ಪ್ರಭು ಯೇಸುವಿನ ಸಾಮತಿಯ ವಿಧವೆ ಅನ್ಯಾಯಗಾರ ನ್ಯಾಯಾಧಿಪತಿಯ ಮುಂದೆ ಮತ್ತೆ ಮತ್ತೆ ನಿಂತಳು. ಆಕೆ ಕಾಣಿಕೆಯಿಡಲಿಲ್ಲ, ಬೇಸತ್ತು ಮನೆಗೂ ಮರಳಲಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಸಾರ್ವಜನಿಕ ಜೀವನದಲ್ಲಿ ಪಾಲ್ಗೊಳ್ಳುವುದು ಕ್ರೈಸ್ತರ ಕರ್ತವ್ಯವೆಂದು ಸಾರಿತು.

ಭಾನುವಾರ ಬಲಿಪೂಜೆ ಮುಗಿಸಿ ಹೊರಬರುವಾಗ, ಪಕ್ಕದಲ್ಲಿ ನಡೆಯುವ ವೃದ್ಧೆಯ ಅರ್ಜಿ ಎಲ್ಲಿ ನಿಂತಿದೆಯೆಂದು ಕೇಳೋಣ. ಓದುಬಲ್ಲ ನಮ್ಮ ಯುವಕಯುವತಿಯರು ಆಕೆಯ ಅರ್ಜಿ ಬರೆದುಕೊಟ್ಟು, ಸೋಮವಾರ ಸಂಡೂರಿಗೆ ಜೊತೆಯಲ್ಲಿ ಹೋಗಲಿ. ಹಂಪಿಯ ಮರದ ಕಂಬಗಳು ಉಳಿಯಲಿಲ್ಲ. ಆದರೆ ನೊಂದವರು ಎದ್ದುನಿಂತು ಮಾತಾಡಲು ಒಂದು ಎಡೆ ಬೇಕೆಂಬ ಅಂದಿನ ವಿಚಾರ ಉಳಿದಿದೆ. ಅದನ್ನು ಕಾಯುವ ಹೊಣೆ ನಮ್ಮೆಲ್ಲರದು.