ನಿಮಗಿದು ಗೊತ್ತೇ? ಬಂದರಿನಲ್ಲಿ ಐದು, ಮನೆ ತೆರಿಗೆಯಲ್ಲಿ ಆರು

● 2019ರ ಜುಲೈ 5ರವರೆಗೆ ಹೊರದೇಶದಿಂದ ಬರುವ ಮುದ್ರಿತ ಪುಸ್ತಕಕ್ಕೆ ಕಸ್ಟಮ್ಸ್ ಸುಂಕವೇ ಇರಲಿಲ್ಲ. ಆ ದಿನದ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಶೇ 5 ಹಾಕಿದರು. ದೇಶದ ಪ್ರಕಾಶನ ಮತ್ತು ಮುದ್ರಣ ಉದ್ಯಮಕ್ಕೆ ಉತ್ತೇಜನ ಸಿಗಲಿ ಎಂಬುದು ಕೊಟ್ಟ ಕಾರಣ.  

● ಈ ಸುಂಕ ಬೀಳುವುದು ರಕ್ಷಾಪುಟದ ಮೇಲಿನ ಬೆಲೆಗಲ್ಲ. ಸಾಗಣೆ, ವಿಮೆ ಸೇರಿಸಿದ ಆಮದು ಮೌಲ್ಯಕ್ಕೆ. ಸಾವಿರಕ್ಕೆ ಐವತ್ತು.

● ನಮ್ಮ ಕುಂದಾಪುರದ ಕಾಲೇಜು ಲೈಬ್ರರಿಗಳಿಗೆ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಎಂತಕ್ಕೆ? ವಿದೇಶಿ ಹೆಸರಿನ ದಪ್ಪ ಪಠ್ಯಪುಸ್ತಕ ಇದ್ದರೆ ಒಂದ್ಸಲ ತಿರುಗಿಸಿ ಕಾಣಿ. ಹಿಂಬದಿಯ ಮೂಲೆಯಲ್ಲಿ, ಬಾರ್‌ಕೋಡಿನ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ ಭಾರತ ಮತ್ತು ಅಕ್ಕಪಕ್ಕದ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂದಿರುತ್ತದೆ. ಅಂಥವು ಬಹುಪಾಲು ಪರವಾನಗಿ ಪಡೆದು ಇಲ್ಲೇ ಅಚ್ಚಾದ ಅಗ್ಗದ ಆವೃತ್ತಿಗಳು. ಅವು ಬಂದರು ಕಂಡಿಲ್ಲ, ಸುಂಕವೂ ಇಲ್ಲ. ಪೆಟ್ಟು ಬೀಳುವುದು ಇಲ್ಲಿ ಮರುಮುದ್ರಣವಾಗದ ಸಂಶೋಧನಾ ಗ್ರಂಥಗಳಿಗೆ. ವರ್ಷಕ್ಕೆ ಇಷ್ಟೇ ಎಂದು ದುಡ್ಡು ಕಟ್ಟಿಟ್ಟ ಲೈಬ್ರರಿಯಲ್ಲಿ ಇಪ್ಪತ್ತು ಪುಸ್ತಕದ ಪಟ್ಟಿ ಹತ್ತೊಂಬತ್ತಕ್ಕೆ ಇಳಿಯುತ್ತದೆ.

● 2009ರಲ್ಲಿ ಫಿಲಿಪ್ಪೀನ್ಸ್‌ನ ಕಸ್ಟಮ್ಸ್‌ನವರು ಆಮದು ಪುಸ್ತಕಕ್ಕೆ ಸುಂಕ ಕೇಳಿದಾಗ ಓದುಗರು ಗಲಾಟೆ ಎಬ್ಬಿಸಿದರು. ಕೊನೆಗೆ ಅಧ್ಯಕ್ಷೆ ಅರೋಯೊ ಅವರೇ ಸುಂಕ ತೆಗೆಸಿದರು.

● ಇಂಗ್ಲಿಷ್ ಪುಸ್ತಕ ತುಟ್ಟಿಯಾದರೆ ಕನ್ನಡ ಪುಸ್ತಕ ಖರ್ಚಾಗುತ್ತದೆಯೇ? ನನಗಂತೂ ನಂಬಿಕೆಯಿಲ್ಲ, ಕನ್ನಡ ಪುಸ್ತಕದ ದಾರಿಯೇ ಬೇರೆ. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗೆಂದು ಮೂರು ಸಂಪುಟಗಳ 'ಬಾಲ ಪ್ರಪಂಚ', ಆಮೇಲೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ತಂದರು. ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟವನ್ನೂ ನಡೆಸಿದರು.  ಇನ್ನು ಯಕ್ಷಗಾನದ ಪ್ರಸಂಗ ಪುಸ್ತಕಗಳು: ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಅಚ್ಚು ಹಾಕಿಸಿದ ಆ ತೆಳು ಪುಸ್ತಕಗಳಿಗೆ ಲಂಡನ್ನಿನಿಂದ ಯಾವ ಪೈಪೋಟಿ ಬಂದೀತು ಮರಾಯ್ರೆ!

● ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ. ಕೇಳಲು ಚಂದ. ಆದರೆ ಕಾಗದಕ್ಕೆ, ಮುದ್ರಣಕ್ಕೆ ಜಿಎಸ್‌ಟಿ ಉಂಟು. ಮಾರುವಾಗ ತೆರಿಗೆ ಇಲ್ಲವಾದ್ದರಿಂದ, ಕೊಳ್ಳುವಾಗ ಕಟ್ಟಿದ್ದನ್ನು ಪ್ರಕಾಶಕರು ಹಿಂದಕ್ಕೆ ಪಡೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ನೋಟ್‌ಬುಕ್‌ಗೆ ತೆರಿಗೆ ಹೋಯಿತು, ಪುಸ್ತಕ ಅಚ್ಚು ಹಾಕುವ ಕಾಗದಕ್ಕೆ ಶೇ 12 ಇದ್ದದ್ದು 18 ಆಯಿತು. ಸ್ವಂತ ದುಡ್ಡಿನಲ್ಲಿ ಕವನ ಸಂಕಲನ ತರುವ ಊರ ಮೇಷ್ಟ್ರ ಜೇಬಿಗೆ ಕೈ ಹಾಕಿದ್ದು ಬಂದರಿನ ಸುಂಕವಲ್ಲ, ಇದು.

● ಪತ್ರಿಕೆಗಳಿಗೂ 2019ರ ಅದೇ ಬಜೆಟ್‌ನಲ್ಲಿ ಪೆಟ್ಟು ಬಿತ್ತು. ಆಮದು ನ್ಯೂಸ್‌ಪ್ರಿಂಟ್‌ಗೆ ಶೇ 10 ಸುಂಕ, ಮರುವರ್ಷ 5ಕ್ಕೆ ಇಳಿಕೆ. ಘಟ್ಟದ ಮೇಲೆ ಭದ್ರಾವತಿಯಲ್ಲಿ ನ್ಯೂಸ್‌ಪ್ರಿಂಟ್ ಮಾಡುತ್ತಿದ್ದ, 1936ರ ಮೈಸೂರು ಕಾಗದ ಕಾರ್ಖಾನೆ ಅಷ್ಟರೊಳಗೆ ನಿಂತುಹೋಗಿತ್ತು.

● ನೀವೂ ಪುಸ್ತಕಕ್ಕೆ ತೆರಿಗೆ ಕಟ್ಟುತ್ತೀರಿ, ಗೊತ್ತೇ? ಮನೆ ತೆರಿಗೆಯ ರಶೀದಿಯನ್ನು ಬೆಳಕಿಗೆ ಹಿಡಿಯಿರಿ. ಆರೋಗ್ಯ ಕರ, ಭಿಕ್ಷುಕರ ಕರಗಳ ನಡುವೆ 'ಗ್ರಂಥಾಲಯ ಕರ' ಎಂಬ ಸಾಲು ಸಿಗುತ್ತದೆ. ದರ ಶೇ 6. ತೆರಿಗೆ ಸಾವಿರ ರೂಪಾಯಿಯಾದರೆ ಅರವತ್ತು ಲೈಬ್ರರಿಗೆ, ಅಂದರೆ ಬಂದರಿನ ದರಕ್ಕಿಂತ ಒಂದು ಹೆಚ್ಚು! ಇದರ ಮೂಲ 1965ರ ಗ್ರಂಥಾಲಯ ಕಾಯ್ದೆ. ನಮ್ಮ ಉಡುಪಿ ಸೀಮೆ ಮಾತ್ರ ಇನ್ನೂ ಹಳಬ: 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ, ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆಯಾದ 1948ರ ಮದ್ರಾಸ್ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಅದರ ಹಿಂದಿದ್ದ ಎಸ್.ಆರ್. ರಂಗನಾಥನ್ ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. ಅದೇ ಬೆಂಗಳೂರಿನ ಪಾಲಿಕೆ ಜನರಿಂದ ವಸೂಲು ಮಾಡಿದ ಈ ಕರದಲ್ಲಿ ನೂರಾರು ಕೋಟಿಯನ್ನು ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಇಟ್ಟುಕೊಂಡದ್ದೂ ಸುದ್ದಿಯಾಯಿತು.

● ಆ ಬಾಕಿಯ ಬಿಸಿ ಬ್ರಹ್ಮಾವರದ ಲೇಖಕರವರೆಗೂ ಬರುತ್ತದೆ. ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿ ಹೋಗುವುದು ವಾಡಿಕೆ. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಆ ಮುನ್ನೂರರ ಧೈರ್ಯದಲ್ಲೇ ಅಚ್ಚಿಗೆ ಹೋಗುತ್ತವೆ. ಖರೀದಿ ನಿಂತ ವರ್ಷ ಕಟ್ಟುಗಳು ಮಂಚದಡಿ.

● 2019ರಲ್ಲೇ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಹಳ್ಳಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್‌ರಾಜ್ ಇಲಾಖೆಗೆ ಬಂದವು. ಮರುವರ್ಷ ಮಕ್ಕಳ ದಿನದಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಮಳೆಗಾಲದಲ್ಲಿ ನಮ್ಮೂರ ಲೈಬ್ರರಿಯ ಬಾಗಿಲಿಗೆ ಹೋದರೆ ಮೊದಲು ಕಾಣುವುದು ಸಾಲಾಗಿ ಬಿಡಿಸಿಟ್ಟ ಪುಟಾಣಿ ಕೊಡೆಗಳು.

● ಬೆಂಗಳೂರಿನ ಪ್ರಕಾಶಕರಿಂದ ಬೈಂದೂರಿಗೆ ಪುಸ್ತಕ ಬರುತ್ತಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ ಅಂದೆನಲ್ಲ, ಈ ಅಂಚೆ ದರದ ಮೇಲೆ ತೆರಿಗೆ ಬೇರೆ ಉಂಟು.