ಬಿ.ಎಡ್. ಮುಗಿಯಿತು, ಜೂನ್ ಬಂತು

ಬೆಂಗಳೂರಿನ ಜಯನಗರ ಎರಡನೇ ಬ್ಲಾಕಿನಲ್ಲಿ ಆರ್.ವಿ. ಟೀಚರ್ಸ್ ಕಾಲೇಜು, ನಾಲ್ಕನೇ ಬ್ಲಾಕಿನಲ್ಲಿ ವಿಜಯಾ ಟೀಚರ್ಸ್ ಕಾಲೇಜು. ಬನಶಂಕರಿ ಮೂರನೇ ಹಂತದ ನೂರಡಿ ರಿಂಗ್ ರಸ್ತೆಗೆ ಹೋದರೆ ರಾಜ್ಯದ ಶಿಕ್ಷಕರ ತರಬೇತಿಯ ಹೊಣೆ ಹೊತ್ತ ಡಿ.ಎಸ್.ಇ.ಆರ್.ಟಿ., ಪಕ್ಕದಲ್ಲೇ ಕರ್ನಾಟಕ ಪಠ್ಯಪುಸ್ತಕ ಸಂಘ. ಮೇಷ್ಟ್ರನ್ನು ತಯಾರು ಮಾಡುವವರೂ ಅವರ ಕೈಗೆ ಪುಸ್ತಕ ಕೊಡುವವರೂ ಒಂದು ಆಟೋ ಬಾಡಿಗೆಯ ದೂರದಲ್ಲಿದ್ದಾರೆ. ಆದರೂ ಬಿ.ಎಡ್. ಮುಗಿಸಿ ಜೆ.ಪಿ. ನಗರದಲ್ಲೋ ಬಿ.ಟಿ.ಎಂ. ಲೇಔಟಿನಲ್ಲೋ ಕೆಲಸಕ್ಕೆ ಸೇರಿದ ಹೊಸಬರು ಮೊದಲ ತಿಂಗಳಲ್ಲಿ ಹೇಳುವುದು ಬಹುಮಟ್ಟಿಗೆ ಒಂದೇ ಮಾತು: "ಕಾಲೇಜಲ್ಲಿ ಇದನ್ನ ಹೇಳಿಕೊಟ್ಟಿರಲಿಲ್ಲ."

ಕಾಲೇಜು ಹೇಳಿಕೊಟ್ಟಿದ್ದೇನು ಎಂಬುದನ್ನು ಮೊದಲು ನೋಡೋಣ. ಬಿ.ಎಡ್. ಹಿಂದೆ ಒಂದು ವರ್ಷದ ಕೋರ್ಸಾಗಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., 2014ರಲ್ಲಿ ಹೊಸ ನಿಯಮ ತಂದು, 2015-16ರಿಂದ ಕೋರ್ಸನ್ನು ಎರಡು ವರ್ಷಕ್ಕೆ ಹಿಗ್ಗಿಸಿತು. ಹೆಚ್ಚಿದ ವರ್ಷದ ದೊಡ್ಡ ಲಾಭವೆಂದರೆ ಇಂಟರ್ನ್‌ಶಿಪ್: ಒಟ್ಟು 20 ವಾರ ಶಾಲೆಯಲ್ಲೇ ಇರಬೇಕು, ಮೊದಲ ವರ್ಷ 4, ಎರಡನೇ ವರ್ಷ 16. ಉಳಿದ ಕಾಲವೆಲ್ಲ ಮನೋವಿಜ್ಞಾನ, ಶಿಕ್ಷಣದ ತತ್ವ, ಬೋಧನಾ ವಿಷಯ, ಸೆಮಿನಾರು, ಮತ್ತು ಯಾರೂ ತಪ್ಪಿಸಿಕೊಳ್ಳಲಾಗದ ರೆಕಾರ್ಡ್ ಬರವಣಿಗೆ.

ಶಾಲೆಗೆ ಹೋಗುವ ಮುನ್ನ ಸೂಕ್ಷ್ಮ ಬೋಧನೆ ಎಂಬ ಅಭ್ಯಾಸವಿದೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಪದ್ಧತಿ ಇದು. ನಮ್ಮ ದೇಶಕ್ಕೆ ಹೊಂದಿಸಿದ ಮಾದರಿಯಲ್ಲಿ ಒಂದು ಸುತ್ತು 36 ನಿಮಿಷ: 6 ನಿಮಿಷ ಪಾಠ, 6 ನಿಮಿಷ ಟೀಕೆ, 12 ನಿಮಿಷದಲ್ಲಿ ತಿದ್ದಿಕೊಂಡ ಯೋಜನೆ, ಮತ್ತೆ 6 ನಿಮಿಷ ಪಾಠ, 6 ನಿಮಿಷ ಟೀಕೆ. ಒಂದು ಸಲಕ್ಕೆ ಒಂದೇ ಕೌಶಲ: ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಕಪ್ಪುಹಲಗೆ ಬಳಸುವುದು. ಎದುರಿಗೆ ಮಕ್ಕಳಾಗಿ ಕೂತವರು ಸಹಪಾಠಿಗಳು. ಇಪ್ಪತ್ತೆರಡು ವರ್ಷದ ಗೆಳತಿ ಐದನೇ ಕ್ಲಾಸಿನ ಹುಡುಗಿಯಂತೆ ಕೈ ಎತ್ತಿ "ಮಿಸ್, ಮಿಸ್" ಎನ್ನುವುದನ್ನು ನೋಡಿ ನಗು ಬರುತ್ತದೆ, ನಿಜ. ಆದರೆ ಇದನ್ನು ನಾಟಕವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಒಂದೆರಡು ಗಳಿಗೆ ಕಾಯುವುದು, ಬೋರ್ಡಿಗೆ ಬರೆಯುವಾಗ ಕ್ಲಾಸಿಗೆ ಪೂರ್ತಿ ಬೆನ್ನು ಹಾಕದಿರುವುದು, ಇವು ಯಾರಾದರೂ ತೋರಿಸಿ ತಿದ್ದದೆ ಬರುವ ವಿದ್ಯೆಗಳಲ್ಲ.

ತೊಡಕಿರುವುದು ಮುಂದಿನ ಹಂತದಲ್ಲಿ. ಇಂಟರ್ನ್‌ಶಿಪ್ಪಿಗೆ ಹೋದ ಪ್ರಶಿಕ್ಷಣಾರ್ಥಿಗೆ ಸಿಗುವುದು ಇನ್ನೊಬ್ಬರು ಕಟ್ಟಿದ ತರಗತಿ. ಯಾರು ಎಲ್ಲಿ ಕೂರಬೇಕು, ನೋಟ್ ಪುಸ್ತಕ ಎಲ್ಲಿಡಬೇಕು, ನೀರು ಕುಡಿಯಲು ಯಾವಾಗ ಕೇಳಬಹುದು, ಎಲ್ಲವೂ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಹಿಂದಿನ ಬೆಂಚಿನಲ್ಲಿ ಕ್ಲಾಸ್ ಟೀಚರ್ ಕೂತಿದ್ದರಂತೂ ಗದ್ದಲವೇ ಇಲ್ಲ. ನೆಂಟರ ಮನೆಯ ಅಡುಗೆಮನೆಯಲ್ಲಿ ಒಂದು ದಿನ ಪಾಯಸ ಮಾಡಿ ಸೈ ಎನಿಸಿಕೊಳ್ಳುವುದಕ್ಕೂ ತಿಂಗಳ ಸಾಮಾನು ತಂದು ಸಂಸಾರ ತೂಗಿಸುವುದಕ್ಕೂ ಇರುವ ಅಂತರ ಇದು.

ಇದಕ್ಕೆ ಕ್ಯಾಲೆಂಡರಿನದೂ ಒಂದು ಪಾಲಿದೆ. ನಮ್ಮ ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆ, ಜೂನ್ ಮೊದಲಲ್ಲಿ. ಬಿ.ಎಡ್. ಪ್ರವೇಶ ಶುರುವಾಗುವುದು ಪದವಿ ಫಲಿತಾಂಶ ಬಂದು ಕೌನ್ಸೆಲಿಂಗ್ ನಡೆದ ಮೇಲೆ. ಹಾಗಾಗಿ ಕಾಲೇಜಿನ ವರ್ಷವೂ ಶಾಲೆಯ ವರ್ಷವೂ ಜೊತೆಯಾಗಿ ಸಾಗುವುದಿಲ್ಲ. ಒಂದು ತರಗತಿ ಹೇಗೆ ಹುಟ್ಟುತ್ತದೆ, ನಲವತ್ತು ಅಪರಿಚಿತ ಮಕ್ಕಳು ಎರಡು ವಾರದಲ್ಲಿ ಒಂದು ಗುಂಪಾಗುವುದು ಹೇಗೆ ಎಂಬುದನ್ನು ಒಮ್ಮೆಯೂ ನೋಡದೆಯೇ ಬಿ.ಎಡ್. ಮುಗಿಸಬಹುದು. ಮೊದಲ ಕೆಲಸದ ಮೊದಲ ಜೂನ್ ತಿಂಗಳೇ ಅವರ ಪಾಲಿನ ಮೊದಲ ಪಾಠ. ಕಾಲೇಜು ಒಂದು ಪಾಠವನ್ನು ಚೆನ್ನಾಗಿ ಮಾಡಲು ಕಲಿಸಿರುತ್ತದೆ. ಶಾಲೆ ಕೇಳುವುದು ಇಡೀ ವರ್ಷವನ್ನು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ನೆದರ್ಲೆಂಡ್ಸಿನ ಸೈಮನ್ ವೇನ್‌ಮನ್ 1984ರಲ್ಲಿ ಹಲವು ದೇಶಗಳ 83 ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೊಸ ಶಿಕ್ಷಕರಿಗೆ ಕಷ್ಟವಾಗುವುದು ಯಾವುದು ಎಂದು ಪಟ್ಟಿ ಮಾಡಿದರು. ಮೊದಲ ಸ್ಥಾನ ತರಗತಿಯ ಶಿಸ್ತಿಗೆ. ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುವುದು, ಒಬ್ಬೊಬ್ಬರ ಮಟ್ಟಕ್ಕೂ ಹೊಂದಿಸುವುದು, ಮೌಲ್ಯಮಾಪನ, ಪೋಷಕರೊಡನೆ ವ್ಯವಹಾರ ಇವು ಅದರ ನಂತರ ಬಂದವು. ಶಿಸ್ತಿನ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಷ್ಟು ಹಿಂದೆಯೇ ಹೇಳಿದ್ದರು: ಶಿಕ್ಷಕರಾಗುವವರು ವಿದ್ಯಾರ್ಥಿಗಳಾಗಿ ಹನ್ನೆರಡು-ಹದಿನೈದು ವರ್ಷ ತಮ್ಮ ಟೀಚರುಗಳನ್ನು ನೋಡುತ್ತಲೇ ಬೆಳೆದಿರುತ್ತಾರೆ, ತರಬೇತಿ ಅದನ್ನು ಅಳಿಸುವುದು ಸುಲಭವಲ್ಲ. ಗದ್ದಲ ಮಿತಿ ಮೀರಿದಾಗ ನೆನಪಿಗೆ ಬರುವುದು ಮನೋವಿಜ್ಞಾನದ ನೋಟ್ಸ್ ಅಲ್ಲ, ಏಳನೇ ಕ್ಲಾಸಿನ ಮೇಷ್ಟ್ರ ಕೋಲು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಸೆಕ್ಷನ್ನಿನ ಸಂಖ್ಯೆ ಪರೀಕ್ಷೆಗೆ ಬಾಯಿಪಾಠವಾಗಿರುತ್ತದೆ. ಕೋಲಿಲ್ಲದೆ ಏನು ಮಾಡಬೇಕು ಎಂಬುದಕ್ಕೆ ಅಷ್ಟೇ ಅಭ್ಯಾಸ ಆಗಿರುವುದಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ದಕ್ಷಿಣ ಬೆಂಗಳೂರು ಹೊಸಬರನ್ನು ಬೇರೆಡೆಗಿಂತ ಹೆಚ್ಚು ಪರೀಕ್ಷಿಸುತ್ತದೆ. ಗುರಪ್ಪನಪಾಳ್ಯದಲ್ಲೋ ಸಾರಕ್ಕಿಯಲ್ಲೋ ಒಂದು ಕನ್ನಡ ಮಾಧ್ಯಮದ ತರಗತಿಯಲ್ಲಿ ಮನೆಮಾತು ಉರ್ದು, ತಮಿಳು, ತೆಲುಗು, ಹಿಂದಿ ಆಗಿರುವ ಮಕ್ಕಳಿರಬಹುದು. ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಕಲಬುರಗಿ ಕಡೆಯ ಕುಟುಂಬಗಳ ಮಕ್ಕಳ ಕನ್ನಡವೂ ಪಠ್ಯದ ಕನ್ನಡವಲ್ಲ. ಎನ್.ಸಿ.ಟಿ.ಇ. ಪಠ್ಯಕ್ರಮದಲ್ಲಿ ಎಲ್ಲ ವಿಷಯಗಳಲ್ಲೂ ಭಾಷೆಯ ಪಾತ್ರವೇನು ಎಂಬುದರ ಮೇಲೆ ಒಂದು ಪತ್ರಿಕೆಯೇ ಇದೆ. ಆದರೆ ಪಾಠಯೋಜನೆ ಬರೆಯುವಾಗ ಎದುರಿಗೆ ಒಂದೇ ಭಾಷೆಯ, ಒಂದೇ ಮಟ್ಟದ ತರಗತಿ ಇದೆಯೆಂದೇ ಎಣಿಸಿರುತ್ತೇವೆ. ಇತ್ತ ಒಂದು ಕಿಲೋಮೀಟರ್ ಆಚೆಯ ಸಿ.ಬಿ.ಎಸ್.ಇ. ಶಾಲೆಯಲ್ಲಿ ಕಷ್ಟದ ರೂಪವೇ ಬೇರೆ: ಪ್ರಕಾಶಕರು ಕೊಟ್ಟ ಸಿದ್ಧ ಪಾಠಯೋಜನೆ, ಸ್ಮಾರ್ಟ್ ಬೋರ್ಡ್, ರಾತ್ರಿ ಒಂಬತ್ತಕ್ಕೂ ನಿಲ್ಲದ ಪೋಷಕರ ವಾಟ್ಸಾಪ್ ಸಂದೇಶ. ಭೌತಶಾಸ್ತ್ರ, ಗಣಿತ ಓದಿದವರನ್ನು "ಸೈನ್ಸ್ ಮಿಸ್" ಎಂದು ಎಂಟನೇ ಕ್ಲಾಸಿನ ಜೀವಕೋಶದ ಪಾಠಕ್ಕೆ ನಿಲ್ಲಿಸುವುದೂ ಉಂಟು.

ಬರವಣಿಗೆ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಎಫ್.ಎ.), ಎರಡು ಸಂಕಲನಾತ್ಮಕ ಮೌಲ್ಯಮಾಪನ (ಎಸ್.ಎ.), ಅಂಕಗಳನ್ನು ಇಲಾಖೆಯ ಎಸ್.ಎ.ಟಿ.ಎಸ್. ತಂತ್ರಾಂಶಕ್ಕೆ ಏರಿಸುವುದು, ಇದೆಲ್ಲ ಒಂದು ಸಂಜೆ ಪಕ್ಕದಲ್ಲಿ ಕೂತು ಯಾರಾದರೂ ತೋರಿಸಿದರೆ ಬಂದುಬಿಡುತ್ತದೆ.

ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಪಾಸಾದವರು ಸಿದ್ಧರಾಗಿದ್ದಾರೆ ಎನ್ನಬಹುದೇ? 150 ಅಂಕದ ಬಹು ಆಯ್ಕೆಯ ಪರೀಕ್ಷೆ ಅದು; ಸಾಮಾನ್ಯ ವರ್ಗಕ್ಕೆ ಶೇ. 60 ಬೇಕು. ವಿಷಯಜ್ಞಾನದ ಜರಡಿಯಾಗಿ ಅದು ಬೇಕಾದ್ದೇ, ಆದರೆ ಓ.ಎಂ.ಆರ್. ಹಾಳೆಗೆ ತರಗತಿ ಕಾಣುವುದಿಲ್ಲ. ಜೊತೆಗೆ ಇನ್ನೊಂದು ಸಂಗತಿ ಗೊತ್ತಿರಲಿ: ಒಂದರಿಂದ ಐದನೇ ತರಗತಿಗೆ ಬಿ.ಎಡ್. ಅರ್ಹತೆಯಲ್ಲ ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿಗೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ, ಡಿ.ಎಲ್.ಎಡ್., ಬೇಕು.

ಹಾಗಿದ್ದರೆ ಈಗ ಬಿ.ಎಡ್. ಸೇರುವವರು ಏನು ನೋಡಬೇಕು? ಕಟ್ಟಡ, ಫಲಿತಾಂಶ ಆಮೇಲೆ. ಮೊದಲು ಕೇಳಬೇಕಾದ್ದು ಇಂಟರ್ನ್‌ಶಿಪ್ಪಿನ 16 ವಾರದ ಬಗ್ಗೆ: ಯಾವ ಶಾಲೆಗೆ ಕಳಿಸುತ್ತೀರಿ, ಒಂದೇ ಶಾಲೆಯಲ್ಲಿ ಬಿಡುತ್ತೀರಾ, ಕಾಲೇಜಿನ ಉಪನ್ಯಾಸಕರು ಬಂದು ಹಿಂದಿನ ಬೆಂಚಿನಲ್ಲಿ ಪೂರ್ತಿ ಪೀರಿಯಡ್ ಕೂರುತ್ತಾರಾ, ಇಲ್ಲ ರೆಕಾರ್ಡಿಗೆ ಸಹಿ ಹಾಕಿ ಹೊರಡುತ್ತಾರಾ? ಹಾಜರಾತಿ ಬೇಡ, ಫೀಸ್ ಕಟ್ಟಿದರೆ ಸಾಕು ಎನ್ನುವ ಕಡೆಗೆ ಹೋದರೆ ಸರ್ಟಿಫಿಕೇಟ್ ಸಿಗಬಹುದು, ಅಷ್ಟೇ. ಪಿ.ಯು.ಸಿ. ಮುಗಿದ ಕೂಡಲೇ ಟೀಚರಾಗಬೇಕೆಂದು ತೀರ್ಮಾನಿಸಿದವರಿಗೆ 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ದಾರಿ ಇದೆ: ಪದವಿ ವಿಷಯ, ಬೋಧನೆ ಎರಡೂ ಸೇರಿ ನಾಲ್ಕು ವರ್ಷ, ಆವರಣದಲ್ಲೇ ಶಾಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲೆಡೆ ತರಬಯಸಿರುವುದೂ ಇಂಥ ನಾಲ್ಕು ವರ್ಷದ ಕೋರ್ಸನ್ನೇ.

ಇಂಟರ್ನ್‌ಶಿಪ್ಪಿನಲ್ಲಿರುವವರು ತಮ್ಮ ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ರೆಕಾರ್ಡ್ ಬರೆಯುವ ಬದಲು, ಅದೇ ಮಕ್ಕಳು ಬೇರೆ ಟೀಚರಿನ ಪೀರಿಯಡ್ಡಿನಲ್ಲಿ ಹೇಗಿರುತ್ತಾರೆ ಎಂದು ನೋಡಲಿ. ನಿಮ್ಮೆದುರು ಬಾಯಿ ಬಿಡದ ಹುಡುಗ ಅಲ್ಲಿ ಮಾತಾಡುತ್ತಿದ್ದರೆ, ಆ ಟೀಚರ್ ಮಾಡಿದ್ದೇನೆಂದು ಬರೆದಿಟ್ಟುಕೊಳ್ಳಬೇಕು. ಸಾಧ್ಯವಾದರೆ ಪರಿಚಯದ ಶಾಲೆಯೊಂದರಲ್ಲಿ ಅನುಮತಿ ಕೇಳಿ ಜೂನ್ ಮೊದಲ ವಾರ ಸುಮ್ಮನೆ ಕೂತು ನೋಡುವುದು ಒಳ್ಳೆಯದು. ಪಠ್ಯಕ್ರಮದಲ್ಲಿ ಅದಕ್ಕೆ ಅಂಕವಿಲ್ಲ.

ಕೆಲಸದ ಸಂದರ್ಶನದಲ್ಲಿ ಸಂಬಳದ ಜೊತೆಗೆ ಇನ್ನೆರಡು ಕೇಳಿ: ವಾರಕ್ಕೆ ಎಷ್ಟು ಪೀರಿಯಡ್, ಮೊದಲ ವರ್ಷ ನನ್ನ ಕ್ಲಾಸಿಗೆ ಬಂದು ನೋಡಿ ಹೇಳುವ ಹಿರಿಯರು ಯಾರು. ಎರಡನೆಯದಕ್ಕೆ ಮುಖ್ಯೋಪಾಧ್ಯಾಯರು ಒಂದು ಹೆಸರು ಹೇಳಿದರೆ, ಸಂಬಳ ಪಕ್ಕದ ಶಾಲೆಗಿಂತ ಸಾವಿರ ಕಡಿಮೆಯಿದ್ದರೂ ನಾನಾದರೆ ಅಲ್ಲೇ ಸೇರುತ್ತೇನೆ.