ಮುದಿ ಬೆಕ್ಕಿನ ಮೂತ್ರಪಿಂಡ: ರಕ್ತಪರೀಕ್ಷೆ ಹೇಳುವುದೇನು?

ಹತ್ತು ಹನ್ನೆರಡು ವರ್ಷಗಳಿಂದ ಮನೆಯಲ್ಲಿ ಬೆಳೆದ ಬೆಕ್ಕೊಂದು ಈಚೆಗೆ ಪದೇ ಪದೇ ನೀರಿನ ಬಟ್ಟಲನ್ನು ಅರಸಿ ಹೋಗತೊಡಗುತ್ತದೆ. ಮೈ ಕೊಂಚ ಇಳಿದಿದೆ, ತುಪ್ಪಳದ ಹೊಳಪು ಮಾಸಿದೆ. ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುವುದುಂಟು. ಬೆಕ್ಕನ್ನು ಪಶುವೈದ್ಯರಲ್ಲಿಗೆ ಒಯ್ದರೆ ಅವರು ಸ್ವಲ್ಪ ರಕ್ತವನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಮರಳಿ ಬಂದ ಕಾಗದದಲ್ಲಿ ಯೂರಿಯಾ, ಕ್ರಿಯಾಟಿನಿನ್ ಮೊದಲಾದ ಹೆಸರುಗಳೂ ಅವುಗಳ ಎದುರಿಗೆ ಅಂಕಿಗಳೂ, ಪಕ್ಕದಲ್ಲಿ ‘ಸಾಮಾನ್ಯ ಮಿತಿ’ಯೂ ಇರುತ್ತವೆ. ಅಂಕಿ ಮಿತಿಯೊಳಗಿದ್ದರೆ ಕ್ಷೇಮ, ಮೀರಿದರೆ ರೋಗ ಎಂದು ತಿಳಿದರೆ ಸಾಕೆ? ಸಾಲದು. ಏಕೆ ಸಾಲದೆಂಬುದನ್ನು ಅರಿಯಲು ಮೂತ್ರಪಿಂಡದ ಕೆಲಸವನ್ನು ಮೊದಲು ನೋಡಬೇಕು.

ಮರುಭೂಮಿಯ ಬಳುವಳಿ

ಮನೆಯ ಬೆಕ್ಕು ಆಫ್ರಿಕದ ಕಾಡುಬೆಕ್ಕಿನ ಸಂತತಿ. ನೀರು ವಿರಳವಾದ ಒಣನಾಡಿನಲ್ಲಿ ಬಾಳಿದ ಆ ಪೂರ್ವಜರಿಂದ ಅದಕ್ಕೆ ಮಿತವ್ಯಯದ ಮೂತ್ರಪಿಂಡಗಳು ದೊರೆತಿವೆ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 2 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಘಟಕಗಳಿವೆ. ನೆಫ್ರಾನಿನ ಒಂದು ತುದಿಯಲ್ಲಿರುವ ಲೋಮನಾಳಗಳ ಗೊಂಚಲು ರಕ್ತವನ್ನು ಸೋಸುತ್ತದೆ; ಅದಕ್ಕೆ ಸೇರಿದ ನಳಿಕೆಯು ಸೋಸಿಬಂದ ದ್ರವದಿಂದ ನೀರನ್ನೂ ಉಪಯುಕ್ತ ಲವಣಗಳನ್ನೂ ಮತ್ತೆ ರಕ್ತಕ್ಕೆ ಸೇರಿಸಿ ಕಲ್ಮಷವನ್ನು ಮೂತ್ರವಾಗಿ ಹೊರದೂಡುತ್ತದೆ. ಒಮ್ಮೆ ನಾಶವಾದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಅದರ ಪಾಲಿನ ದುಡಿಮೆಯನ್ನೂ ಹೊರುತ್ತವೆ. ಆದುದರಿಂದಲೇ ರೋಗವು ಬಹುಕಾಲ ಸದ್ದಿಲ್ಲದೆ ಮುಂದುವರಿಯಬಲ್ಲದು. ಹತ್ತು ವರ್ಷ ಮೀರಿದ ಬೆಕ್ಕುಗಳಲ್ಲಿ ಈ ರೋಗವು ಅತಿ ಸಾಮಾನ್ಯವಾದವುಗಳಲ್ಲಿ ಒಂದು.

ಎರಡು ಸಾಕ್ಷಿಗಳು

ಯೂರಿಯಾ ನಮಗೆ ರಸಾಯನಶಾಸ್ತ್ರದ ಪಾಠದಲ್ಲಿಯೇ ಪರಿಚಿತ. 1828ರಲ್ಲಿ ವೋಲರನು ಮೂತ್ರಪಿಂಡದ ನೆರವಿಲ್ಲದೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ವಸ್ತು ಅದೇ. ಪ್ರಾಣಿಶರೀರದಲ್ಲಿ ಪ್ರೋಟೀನು ಒಡೆದಾಗ ಬರುವ ಅಮೋನಿಯವನ್ನು ಯಕೃತ್ತು ಯೂರಿಯಾವಾಗಿ ಮಾರ್ಪಡಿಸುತ್ತದೆ. ಮೂತ್ರಪಿಂಡವು ಅದನ್ನು ಹೊರಹಾಕುತ್ತದೆ. ರಕ್ತದಲ್ಲಿ ಯೂರಿಯಾ ಹೆಚ್ಚಿದರೆ ಮೂತ್ರಪಿಂಡ ಸೋತಿದೆಯೆಂದು ಶಂಕಿಸಬಹುದು. ಆದರೆ ಮಾಂಸವನ್ನು ಯಥೇಚ್ಛವಾಗಿ ತಿಂದ ಮೇಲೂ, ಕರುಳಿನಲ್ಲಿ ರಕ್ತಸ್ರಾವವಾದಾಗಲೂ, ದೇಹದಲ್ಲಿ ನೀರು ಕಡಮೆಯಾದಾಗಲೂ ಅದು ಹೆಚ್ಚುತ್ತದೆ. ಹೀಗಾಗಿ ಯೂರಿಯಾ ಒಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಕ್ರಿಯಾಟಿನಿನ್ ಇದಕ್ಕಿಂತ ಸ್ಥಿರವಾದ ಸಾಕ್ಷಿ. ಅದು ಸ್ನಾಯುಗಳಲ್ಲಿ ದಿನದಿನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಆದರೆ ಇಲ್ಲಿಯೂ ಒಂದು ತೊಡಕುಂಟು. ಮುದಿ ಬೆಕ್ಕಿನ ಸ್ನಾಯುಗಳು ಸವೆದಿರುತ್ತವೆ. ಹುಟ್ಟುವ ಕ್ರಿಯಾಟಿನಿನ್ನೇ ಕಡಮೆಯಾದುದರಿಂದ ರಕ್ತದಲ್ಲಿಯೂ ಅದು ಕಡಮೆಯಾಗಿಯೇ ಕಂಡು ರೋಗವನ್ನು ಮರೆಮಾಡಬಹುದು. ಮುದಿ ಬೆಕ್ಕುಗಳಲ್ಲಿ ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆಯೂ ಸಾಮಾನ್ಯ. ಅದು ಸ್ನಾಯುವನ್ನು ಕರಗಿಸುವುದಲ್ಲದೆ ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಹೆಚ್ಚಿಸಿ ಅಂಕಿಯನ್ನು ಮತ್ತಷ್ಟು ತಗ್ಗಿಸುತ್ತದೆ.

ಒಂದು ಸಣ್ಣ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದುದು ಈ ಲೆಕ್ಕ. ಒಂದು ಬೆಕ್ಕಿನ ಆರೋಗ್ಯದ ದಿನಗಳಲ್ಲಿ 100 ಮಿಲಿಲೀಟರ್ ರಕ್ತರಸದಲ್ಲಿ 0.8 ಮಿಲಿಗ್ರಾಂ ಕ್ರಿಯಾಟಿನಿನ್ ಇತ್ತೆಂದಿಟ್ಟುಕೊಳ್ಳೋಣ. ಸ್ನಾಯುಗಳು ಮೊದಲಿನಷ್ಟೇ ಇದ್ದರೆ, ಮೂತ್ರಪಿಂಡದ ಸೋಸುವ ಶಕ್ತಿ ಅರ್ಧಕ್ಕಿಳಿದಾಗ ಆ ಅಂಕಿ ಇಮ್ಮಡಿಸಿ 1.6 ಆಗುತ್ತದೆ. ಮೂರರಲ್ಲೊಂದು ಪಾಲು ಉಳಿದಾಗ 2.4, ಕಾಲುಭಾಗ ಉಳಿದಾಗ 3.2. ಕೆಲವು ಪ್ರಯೋಗಶಾಲೆಗಳು ಸಾಮಾನ್ಯ ಮಿತಿಯ ಮೇಲಿನ ಗಡಿಯನ್ನು 2.4 ಎಂದು ನಮೂದಿಸುತ್ತವೆ. ಎಂದರೆ, ಮೂರರಲ್ಲಿ ಎರಡು ಪಾಲು ಶಕ್ತಿ ನಷ್ಟವಾಗುವವರೆಗೂ ಕಾಗದವು ‘ಸಾಮಾನ್ಯ’ವೆಂದೇ ಹೇಳುತ್ತಿರುತ್ತದೆ! ಇದು ಪ್ರಯೋಗಶಾಲೆಯ ತಪ್ಪಲ್ಲ. ಆ ಮಿತಿಯು ಅನೇಕ ಬೆಕ್ಕುಗಳಿಗೆ ಸೇರಿದ್ದು; ನಮ್ಮೆದುರಿನ ಬೆಕ್ಕಿನ ಹಿಂದಿನ ಸ್ಥಿತಿ ಅದಕ್ಕೆ ತಿಳಿಯದು. ಈ ಬೆಕ್ಕಿನ ಮಟ್ಟಿಗೆ 0.8ರಿಂದ 1.6ಕ್ಕೆ ಏರಿದ್ದೇ ದೊಡ್ಡ ಸುದ್ದಿ.

ಬೇರೆ ಸಾಕ್ಷಿಗಳು

ಆದುದರಿಂದ ವೈದ್ಯರು ಮೂತ್ರವನ್ನೂ ಪರೀಕ್ಷಿಸುತ್ತಾರೆ. ನೀರಿಗಿಂತ ಮೂತ್ರವು ಎಷ್ಟು ಪಾಲು ಸಾಂದ್ರವಾಗಿದೆಯೆಂಬುದನ್ನು ಸಾಪೇಕ್ಷ ಸಾಂದ್ರತೆ ತಿಳಿಸುತ್ತದೆ. ಆರೋಗ್ಯವಂತ ಬೆಕ್ಕಿನಲ್ಲಿ ಅದು ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ನೀರು ಕುಡಿಯದೆ ಒಣಗಿದ ಬೆಕ್ಕಿನಲ್ಲಿ ಕ್ರಿಯಾಟಿನಿನ್ ಏರಿದ್ದರೂ ಮೂತ್ರ ಗಟ್ಟಿಯಾಗಿದ್ದರೆ ದೋಷವು ಬಹುಶಃ ನೀರಿನ ಕೊರತೆಯದು. ಕ್ರಿಯಾಟಿನಿನ್ ಏರಿ ಮೂತ್ರವೂ ತೆಳುವಾಗಿದ್ದರೆ ಮೂತ್ರಪಿಂಡದ ಮೇಲೆಯೇ ಸಂದೇಹ ಬಲವಾಗುತ್ತದೆ. ಮುದಿ ಬೆಕ್ಕು ಹೆಚ್ಚು ನೀರು ಕುಡಿಯುವುದರ ಗುಟ್ಟೂ ಇದೇ: ಹಿಡಿದಿಡಲಾರದ ನೀರನ್ನು ಅದು ಕುಡಿದು ತುಂಬಿಕೊಳ್ಳುತ್ತಿರುತ್ತದೆ.

ಈಚಿನ ವರ್ಷಗಳಲ್ಲಿ ‘ಎಸ್‌ಡಿಎಂಎ’ ಎಂಬ ಇನ್ನೊಂದು ವಸ್ತುವಿನ ಮಾಪನವೂ ಬಳಕೆಗೆ ಬಂದಿದೆ. ಇದು ಸ್ನಾಯುವಿನ ಸವೆತಕ್ಕೆ ಅಷ್ಟಾಗಿ ಒಳಗಾಗದು. ಸೋಸುವ ಶಕ್ತಿ ಸರಾಸರಿ ನೂರಕ್ಕೆ 40ರಷ್ಟು ಕುಗ್ಗಿದಾಗಲೇ ಏರತೊಡಗುತ್ತದೆ. ಹೀಗಿದ್ದರೂ ಇದೊಂದೇ ಅಂತಿಮ ಪ್ರಮಾಣವಲ್ಲ.

‘ಐರಿಸ್’ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಘವು ಬೆಕ್ಕಿನ ಈ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಕ್ರಿಯಾಟಿನಿನ್ 1.6ಕ್ಕಿಂತ ಕಡಮೆಯಿದ್ದು ಮೂತ್ರಪಿಂಡದ ದೋಷಕ್ಕೆ ಬೇರೆ ಗುರುತುಗಳಿದ್ದರೆ ಮೊದಲನೆಯದು, 1.6ರಿಂದ 2.8ರವರೆಗೆ ಎರಡನೆಯದು, 2.9ರಿಂದ 5.0ರವರೆಗೆ ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಒಂದೇ ಪರೀಕ್ಷೆಯಿಂದ ಹಂತವನ್ನು ನಿರ್ಧರಿಸಕೂಡದು. ಬೆಕ್ಕಿನ ನೀರಿನ ಕೊರತೆ ನೀಗಿದ ಮೇಲೆ, ಸ್ಥಿತಿ ನೆಲೆನಿಂತಾಗ, ಮತ್ತೊಮ್ಮೆ ಪರೀಕ್ಷಿಸಬೇಕು. ಜೊತೆಗೆ ರಕ್ತದೊತ್ತಡವನ್ನೂ, ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆಯೇ ಎಂಬುದನ್ನೂ ನೋಡಬೇಕು.

ತಿಳಿದು ಫಲವೇನು?

ನಾಶವಾದುದು ಮರಳದಿದ್ದರೆ ಬೇಗ ತಿಳಿದು ಆಗುವುದೇನು ಎಂದು ವಾಚಕರು ಕೇಳಬಹುದು. ಸೋತ ಮೂತ್ರಪಿಂಡವು ರಂಜಕದ ಲವಣಗಳನ್ನು ಹೊರಹಾಕಲಾರದು; ಅವು ರಕ್ತದಲ್ಲಿ ಶೇಖರವಾಗಿ ಉಳಿದ ನೆಫ್ರಾನ್‌ಗಳಿಗೂ ಕೇಡುಂಟುಮಾಡುತ್ತವೆ. ರಂಜಕವನ್ನು ಮಿತಗೊಳಿಸಿದ ವಿಶೇಷ ಆಹಾರದಿಂದ ರೋಗಿ ಬೆಕ್ಕುಗಳ ಆಯುಷ್ಯ ಹೆಚ್ಚುವುದು ಪರೀಕ್ಷೆಗಳಿಂದ ಸಿದ್ಧಪಟ್ಟಿದೆ. ಏರಿದ ರಕ್ತದೊತ್ತಡವನ್ನು ಔಷಧದಿಂದ ಇಳಿಸಿ ಕಣ್ಣುಗಳನ್ನು ಕಾಪಾಡಬಹುದು. ಇವುಗಳಿಂದ ಕೆಲವು ಬೆಕ್ಕುಗಳು ವರ್ಷಗಟ್ಟಲೆ ನೆಮ್ಮದಿಯಿಂದ ಬಾಳುವುದುಂಟು. ಆದರೆ ನಾಲ್ಕನೆಯ ಹಂತದಲ್ಲಿ ಎಚ್ಚೆತ್ತವರಿಗೆ ಈ ಅವಕಾಶ ಬಹುಮಟ್ಟಿಗೆ ತಪ್ಪಿಹೋಗಿರುತ್ತದೆ.

ಆದಕಾರಣ ಬೆಕ್ಕು ಆರೋಗ್ಯವಾಗಿರುವಾಗಲೇ ಒಮ್ಮೆ ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿ ಆ ಕಾಗದವನ್ನು ಜೋಪಾನವಾಗಿಡುವುದು ಲೇಸು. ಮುಪ್ಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ನಡೆಸಿ, ತೂಕವನ್ನೂ ಅದರ ಜೊತೆಯಲ್ಲಿಯೇ ಬರೆದಿಡಬೇಕು. ಒಂಟಿಯಾದ ಅಂಕಿಯು ಹೇಳುವುದು ಸ್ವಲ್ಪ. ಹಿಂದಿನ ಅಂಕಿಯ ಪಕ್ಕದಲ್ಲಿ ಇಟ್ಟಾಗಲೇ ಅದರ ಅರ್ಥ ತಿಳಿಯುವುದು.